ನಾಲ್ಕನೆಯದು ಬರುವ ತನಕ

ಬೆಳಗಿನ ಐದೂವರೆ. ಆಸ್ಪತ್ರೆಯ ಲಿಫ್ಟಿನ ಪಕ್ಕದ ಕಿರುಕೋಣೆಯಲ್ಲಿ ಡಿಸ್ಕಣ್ಣ ಮೊಣಕಾಲೂರಿ ಕೂತಿದ್ದಾರೆ. ವಿದ್ಯುತ್ ದುರಸ್ತಿಗೆಂದು ನಿಲ್ಲಿಸಿದ್ದ ಕಂಪ್ಯೂಟರ್ ಈಗಷ್ಟೇ ಚಾಲೂ ಆಗಿದೆ. ಏಳಕ್ಕೆ ಒಂದು ಮಗುವಿನ ಶಸ್ತ್ರಚಿಕಿತ್ಸೆ. ಅದರ ಸ್ಕ್ಯಾನ್ ಚಿತ್ರಗಳು ಇದರೊಳಗಿವೆ. ಚಿತ್ರ ಉಳಿಸಿಡುವ ಡಿಸ್ಕ್ ನಾಲ್ಕು, ಒಂದೊಂದಕ್ಕೂ ಒಂದು ದೀಪ. ಮೂರು ಹಸಿರು ದೀಪ ಹತ್ತಿವೆ. ನಾಲ್ಕನೆಯದು ಇನ್ನೂ ಇಲ್ಲ.

“ನಾಲ್ಕನೆಯವನು ನಮ್ಮ ಅಜ್ಜ, ಎಲ್ಲಕ್ಕಿಂತ ಹಳೇ ಡಿಸ್ಕ್. ಎದ್ದು, ಮೈ ಮುರಿದು, ಕೆಮ್ಮಿ ಬರೋಕೆ ಅರ್ಧ ನಿಮಿಷ ಬೇಕು. ಬರ್ತಾನೆ ಬಿಡಿ,” ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದಿರುವ ನನಗೆ. ಕಣ್ಣು ಮಾತ್ರ ದೀಪದ ಮೇಲೇ.

ಡಿಸ್ಕಣ್ಣ ಎಂಬುದು ನರ್ಸುಗಳಿಟ್ಟ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಫ್ಯಾನ್ ರಿಪೇರಿಗೆಂದು ಸೇರಿದವರು. ಕಂಪ್ಯೂಟರ್ ಬಂದಾಗ ಮುಟ್ಟಲು ಯಾರೂ ಮುಂದಾಗದೆ ಇವರ ಕೊರಳಿಗೇ ಬಿತ್ತು. ದಿನಕ್ಕೆ ಮುನ್ನೂರು ಚಿತ್ರಗಳು ನಾಲ್ಕು ಡಿಸ್ಕ್‌ಗಳಲ್ಲಿ ಹಂಚಿ ಕೂರುತ್ತವೆ. ಒಂದು ಕೈಕೊಟ್ಟರೆ ಉಳಿದ ಮೂರು ನಿಭಾಯಿಸುತ್ತವೆ. ಎರಡು ಹೋದರೆ ಎಲ್ಲವೂ ಹೋದಂತೆ. ಕಂಪ್ಯೂಟರ್ ಎದ್ದಾಗಲೆಲ್ಲ ನಾಲ್ಕನ್ನೂ ಗುರುತಿಸಿ ಒಂದುಗೂಡಿಸುವುದು ಇವರು ಅದಕ್ಕೆಂದು ಬರೆದಿಟ್ಟ ಸೂಚನೆಯ ಕೆಲಸ.

ಎರಡು ವರ್ಷದ ಹಿಂದೆ ಆ ಸೂಚನೆಯೇ ಎಡವಿತ್ತು. “ಬಂದಷ್ಟು ಜನರನ್ನ ಸೇರಿಸ್ಕೊಂಡು ಶುರು ಮಾಡು ಅಂತ ಬರೆದಿದ್ದೆ. ಆತುರಗಾರ ನಾನೇ. ಅಜ್ಜ ಬರೋದ್ರೊಳಗೆ ಬಾಗಿಲು ಹಾಕ್ಬಿಡ್ತು. ಹನ್ನೊಂದು ದಿನ ಹೊರಗೇ ನಿಂತಿದ್ದ, ನಾನು ನೋಡಲೇ ಇಲ್ಲ.” ಹನ್ನೆರಡನೆಯ ದಿನ ಇನ್ನೊಂದು ಡಿಸ್ಕ್ ಕೆಟ್ಟಿತು. ಹಿಂದಿನ ದಿನದವರೆಗಿನ ನಕಲು ಬೇರೆಡೆ ಇದ್ದದ್ದರಿಂದ ಒಂದೇ ದಿನದ ಚಿತ್ರಗಳು ಹೋದವು. ಅವುಗಳಲ್ಲಿ, ಎರಡು ಬಸ್ಸು ಬದಲಿಸಿ ಬಂದಿದ್ದ ಅಜ್ಜಿಯೊಬ್ಬರದ್ದೂ ಇತ್ತು. ಡಿಸ್ಕಣ್ಣ ಅವರ ಮನೆಗೆ ತಾವೇ ಹೋಗಿ, ತಪ್ಪು ಹೇಳಿಕೊಂಡು, ಆಟೊದಲ್ಲಿ ಕರೆತಂದು ಮತ್ತೆ ಸ್ಕ್ಯಾನ್ ಮಾಡಿಸಿದರು. “ಅಲ್ಲಪ್ಪಾ, ತಪ್ಪು ಒಪ್ಕೊಳ್ಳೋಕೆ ಮನೆ ಹುಡುಕ್ಕೊಂಡು ಬಂದೋನು ನೀನೊಬ್ನೇ ಕಣೋ,” ಎಂದರಂತೆ ಅಜ್ಜಿ.

ಅಂದಿನಿಂದ ಹೊಸ ನಿಯಮ: ನಾಲ್ಕೂ ಬರುವ ತನಕ ಕಾಯಬೇಕು. ಎರಡು ನಿಮಿಷವಾದರೂ ಒಂದು ಬಾರದಿದ್ದರೆ ಸದ್ದಿಲ್ಲದೆ ಶುರುವಾಗಕೂಡದು, ಕಂಪ್ಯೂಟರ್ ಇವರ ಫೋನಿಗೆ ಸಂದೇಶ ಕಳಿಸಿ ಕೂಗಬೇಕು.

“ಅಲ್ಲಿ ನಾಲ್ಕು ಡಿಸ್ಕ್ ಕೂಡಿಸ್ತಾರೆ. ಮನೇಲಿ ನಾವು ಮೂರೇ ಜನ, ಒಟ್ಟಿಗೆ ತಿಂಡಿ ತಿಂದು ಎಷ್ಟು ದಿನ ಆಯ್ತು ಕೇಳಿ!” ಎಂದು ಅವರ ಹೆಂಡತಿ ನಿನ್ನೆಯಷ್ಟೇ ನನ್ನೆದುರು ಛೇಡಿಸಿದ್ದರು.

ನಾಲ್ಕನೆಯ ದೀಪ ಮಿಣುಕುತ್ತದೆ, ಆರುತ್ತದೆ, ಹತ್ತಿ ನಿಲ್ಲುತ್ತದೆ. ಮಗುವಿನ ಚಿತ್ರ ಪರದೆಯ ಮೇಲೆ ಬರುತ್ತದೆ. ಡಿಸ್ಕಣ್ಣ ವಾರ್ಡಿಗೆ ತಿಳಿಸುತ್ತಾರೆ. ನರ್ಸ್ ತಟ್ಟೆ ಮುಚ್ಚಿಟ್ಟಿದ್ದ ಚಹಾ ತಂದು ಕೊಡುತ್ತಾರೆ. ಡಿಸ್ಕಣ್ಣ ಅದನ್ನು ಒಂದೇ ಗುಟುಕಿಗೆ ಕುಡಿದು, ಮನೆಗೆ ಫೋನ್ ಮಾಡುತ್ತಾರೆ.

“ಎಲ್ಲಾ ಬಂದ್ರು ಕಣೇ. ತಿಂಡಿ ಶುರು ಮಾಡ್ಬೇಡಿ, ನಾನೂ ಬರ್ತಾ ಇದೀನಿ.”