ತಲೆಯೆತ್ತಿ ಕೂತ ಹುಳುಗಳು

ಬೆಳಿಗ್ಗೆ ಮೊಮ್ಮಗಳು ಕನ್ನಡಿಯ ಮುಂದೆ ನಿಂತು ಶಾಲೆಯ ಭಾಷಣ ಹೇಳಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಎಲ್ಲಿಂದಲೋ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಶಿಡ್ಲಘಟ್ಟದ ಹತ್ತಿರ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಒಮ್ಮೆ ನನಗೂ ಶಾಲೆಯಲ್ಲಿ ಭಾಷಣವಿತ್ತು. "ಭಾಷಣ ಅಂದ್ರೆ ಕೇಳೋರ ಮುಖ ನೋಡ್ಕೊಂಡು ಮಾತಾಡ್ಬೇಕಮ್ಮ" ಎಂದಿದ್ದರು ಮೇಷ್ಟ್ರು. ಮನೆಯಲ್ಲಿ ಯಾರ ಮುಖವೂ ನನಗೆ ಸಿಗುತ್ತಿರಲಿಲ್ಲ. ಅಪ್ಪ ತೋಟದಲ್ಲಿ, ಅಮ್ಮ ಬಗ್ಗಿ ಸೊಪ್ಪು ಹೆಚ್ಚುವುದರಲ್ಲಿ.

ಹುಳುಗಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲುಗಾಡದೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನನ್ನ ಮಾತು ಕೇಳಲೆಂದೇ ತಲೆಯೆತ್ತಿವೆ ಎಂದುಕೊಂಡು ನಾನು ಹುಳು ಸಾಕುವ ಬಿದಿರು ತಟ್ಟೆಗಳ ಮುಂದೆ ನಿಂತು ಇಡೀ ಭಾಷಣ ಹೇಳಿದೆ.

"ಜ್ವರಕ್ಕೆ ಕೂತವೆ ಕಣಮ್ಮ, ಮೆಲ್ಲಗೆ" ಎಂದಳು ಅಮ್ಮ.

"ನಾಳೆ ಸ್ಕೂಲಿಗೆ ಬರ್ತೀಯಾ?"

"ನಾಳೆ ಹುಳ ಜ್ವರದಿಂದ ಏಳ್ತವೆ. ಸೊಪ್ಪು ಹಾಕೋರ್ಯಾರು?"

ಮರುದಿನ ಬೇರೆ ಮಕ್ಕಳ ತಾಯಂದಿರು ಬಂದು ಕೂತಿದ್ದರು. ನಾನು ಒಂದು ಖಾಲಿ ಬೆಂಚನ್ನು ನೋಡಿಕೊಂಡು ಮಾತು ಮುಗಿಸಿದೆ. ಮನೆಗೆ ಬಂದಾಗ ಹುಳುಗಳೂ ತಲೆ ತಗ್ಗಿಸಿ ತಿನ್ನುತ್ತಿದ್ದವು.

ಇವತ್ತು ಒಲೆ ಆರಿಸಿ ಬಂದು, ಮೊಮ್ಮಗಳನ್ನು ಕನ್ನಡಿಯಿಂದ ಈಚೆ ತಿರುಗಿಸಿ, ಅವಳೆದುರು ತಲೆಯೆತ್ತಿ ಅಲುಗಾಡದೆ ಕೂತೆ.