ಹೆಪ್ಪಿನ ಬಟ್ಟಲು

ಆನವಟ್ಟಿಯ ನಮ್ಮ ಬಾಡಿಗೆ ಮನೆಯ ಗೋಡೆಯಾಚೆ ಇದ್ದದ್ದು ಮದುವೆಯಾಗದ ಗಂಡಸು, ಒಬ್ಬರೇ. ನನ್ನ ಯಜಮಾನರು ಅಂಗಡಿಗೆ ಹೊರಟ ಬೈಕಿನ ಸದ್ದು ಅಡಗುತ್ತಿದ್ದಂತೆ ಅವರು ಸ್ಟೀಲ್ ಬಟ್ಟಲು ಹಿಡಿದು ಹೊಸ್ತಿಲಾಚೆ ನಿಲ್ಲುತ್ತಿದ್ದರು.

"ಚೂರು ಹೆಪ್ಪು ಇದ್ರೆ ಕೊಡ್ರೀ."

ಮುಖ ನೋಡುತ್ತಿರಲಿಲ್ಲ, ನನ್ನ ಬಳೆಗಳನ್ನು ನೋಡುತ್ತಿದ್ದರು. ಬಳೆ ಬದಲಾದ ದಿನ ಅವರ ಹೆಬ್ಬೆರಳು ಬಟ್ಟಲಿನ ಅಂಚನ್ನು ಉಜ್ಜುತ್ತಲೇ ಇರುತ್ತಿತ್ತು. ನಾನೂ ಆಗಾಗ ಬಳೆ ಬದಲಾಯಿಸತೊಡಗಿದೆ.

ಒಮ್ಮೆ ಮುಸ್ಸಂಜೆಯಲ್ಲಿ ಬಂದುಬಿಟ್ಟರು. ಯಜಮಾನರು ಮನೆಯಲ್ಲೇ ಇದ್ದರು. "ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಲ್ಲ ಕಣ್ರೀ, ಬೆಳಿಗ್ಗೆ ಬನ್ನಿ" ಎಂದು ನಗುತ್ತಲೇ ಕಳಿಸಿದರು. ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆಯೆತ್ತದೆ, "ಆತ ಹಾಲೇ ಹಾಕಿಸ್ಕೊಳ್ಳಲ್ವಂತಲ್ಲೇ, ಹಾಲಿನವನು ಹೇಳ್ದ" ಎಂದರು. ನಾನು ಬಡಿಸುತ್ತಲೇ ಇದ್ದೆ.

ಬೆಳಿಗ್ಗೆ ಬೈಕಿನ ಸದ್ದು ಅಡಗಿತು. ಬಟ್ಟಲು ಬಂತು. ಅದನ್ನು ತೆಗೆದುಕೊಂಡು ಕೇಳಿದೆ: "ಹಾಲೇ ಇಲ್ದೆ ನಿಮಗೆ ಹೆಪ್ಪು ಯಾಕ್ರೀ?"

ಅವರು ಮೊದಲ ಸಲ ನನ್ನ ಮುಖ ನೋಡಿದರು. "ನಾನು ಹಾಲು ತರಲ್ಲ ಅಂತ ನಿಮಗೆ ಮೊದಲಿಂದ್ಲೂ ಗೊತ್ತಿತ್ತಲ್ರೀ."

ಬಾಗಿಲು ಹಾಕಿ ಚಿಲಕ ಜಡಿದೆ. ಆಚೆ ಹೆಜ್ಜೆಯ ಸದ್ದು ಕೇಳಿಸಲಿಲ್ಲ. ಅವರ ಬಟ್ಟಲು ನನ್ನ ಕೈಯಲ್ಲೇ ಇತ್ತು.