ಲ್ಯಾಪ್‌ಟಾಪಿನಲ್ಲಿ ಉಳಿದ ಸುನಂದಾಳ ದನಿ

ಕಳೆದ ಶ್ರಾವಣದಲ್ಲಿ ಕೊಲ್ಹಾಪುರದ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಸುನಂದಾಳ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು.

ನಾವು ಗಡಹಿಂಗ್ಲಜ ಹತ್ತಿರದ ಮಹಾಗಾಂವದ ಜೈನ ರೈತರು, ಪದ್ಮಾವತಿ ಅಮ್ಮನವರ ಒಕ್ಕಲು. ಆಪರೇಷನ್ನಿಗೆ ಮೊದಲು ಎಂಟು ದಿನ ಸುನಂದಾ ಲ್ಯಾಪ್‌ಟಾಪ್ ಮುಂದೆ ಕೂತು ತನ್ನ ದನಿಯನ್ನು ರೆಕಾರ್ಡ್ ಮಾಡಿದ್ದಳು. ಮೊಮ್ಮಗಳನ್ನು ಕರೆಯುವುದು, ನನ್ನನ್ನು ಬೈಯುವುದು, ಎಲ್ಲ ಅದರಲ್ಲಿತ್ತು. ಬೇರೆಲ್ಲೂ ನಕಲು ಇರಲಿಲ್ಲ.

ತಪ್ಪು ನನ್ನದೇ. ಮುಚ್ಚಿದರೆ ಆ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತಿತ್ತು, ತೆರೆದರೆ ಏಳುತ್ತಿರಲಿಲ್ಲ. ಒಳಗೆ ಫ್ಯಾನ್ ತಿರುಗುವ ಸದ್ದು, ಪರದೆ ಮಾತ್ರ ಕಪ್ಪು. ನಾನು ಪ್ರತಿಸಲ ಪವರ್ ಬಟನ್ ಒತ್ತಿಹಿಡಿದು ಆರಿಸಿ, ಮತ್ತೆ ಹಚ್ಚುತ್ತಿದ್ದೆ. ಒಂದು ಮುಂಜಾನೆ ಅದು ಶುರುವೇ ಆಗಲಿಲ್ಲ.

ಇಚಲಕರಂಜಿಯ ಅಂಗಡಿಯವನು ನೋಡಿ, "ಫಾರ್ಮ್ಯಾಟ್ ಮಾಡೂಣ್ರಿ. ಮಷೀನ್ ನಡೀತೈತಿ, ಒಳಗಿಂದೆಲ್ಲಾ ಹೋಗ್ತೈತಿ" ಎಂದ. ನಾನು ಹೂಂ ಎನ್ನುವವನಿದ್ದೆ. ಸುನಂದಾ ನನ್ನ ಕೈ ಹಿಡಿದು ಪಾಟಿಯ ಮೇಲೆ ಬರೆದಳು: 'ಬ್ಯಾಡ.'

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳ ಮುಖ ನೋಡಲಾಗಲಿಲ್ಲ. ಸೀದಾ ಬಸದಿಗೆ ಹೋಗಿ, "ತಾಯಿ, ನನ್ನ ಕೈಯಿಂದ ಕೆಟ್ಟಿದೆ, ನೀನೇ ನೋಡಿಕೋ" ಎಂದು ಅತ್ತೆ.

ಮರುದಿನ ತಪಾಸಣೆಗೆಂದು ಕೊಲ್ಹಾಪುರಕ್ಕೆ ಹೋದೆವು. ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ಸಾಲಿನಲ್ಲಿ ಪಕ್ಕಕ್ಕೆ ಕೂತ ಹೆಣ್ಣುಮಗಳು, "ಕಾಯ್ ಝಾಲಂ ಕಾಕಾ? ಏನಾತ್ರಿ, ಯಾಕ ಸಪ್ಪಗ ಕುಂತೀರಿ?" ಎಂದಳು. ಹೇಳಿದೆ. ತಂದೆಯನ್ನು ತೋರಿಸಲು ಬಂದಿದ್ದ ಅವಳ ಕಸುಬೇ ಕಂಪ್ಯೂಟರ್ ರಿಪೇರಿ!

"ಇನ್ನ ಆ ಬಟನ್ ಮುಟ್ಟಬ್ಯಾಡ್ರಿ. ಡಿಸ್ಕ್ ಬರಿಯೂ ಹೊತ್ತಿನ್ಯಾಗ ಆರಿಸಿದ್ರ ಫೈಲ್ ಕೆಡ್ತಾವ್ರಿ. ಮೊದಲ ಡಿಸ್ಕ್ ಬಿಚ್ಚಿ ನಕಲ್ ತಗೀತೇನಿ, ಆಮ್ಯಾಲೆ ರಿಪೇರಿ" ಎಂದಳು.

ಲ್ಯಾಪ್‌ಟಾಪನ್ನು ಅವಳ ಕೈಗೇ ಕೊಟ್ಟು ಬಂದೆವು. ಮೂರನೆಯ ದಿನ ಅವಳ ಫೋನು ಬಂತು. ಸುನಂದಾಳ ದನಿ ಸಿಕ್ಕಿತ್ತು. ಪರದೆ ನಡೆಸುವ ಸಾಫ್ಟ್‌ವೇರ್ ಹಳೆಯದಾಗಿ ನಿದ್ದೆಯಿಂದ ಏಳುತ್ತಿರಲಿಲ್ಲವಂತೆ. ಅದನ್ನೂ ಹೊಸದು ಮಾಡಿದ್ದಳು. ಈಗ ಕೆಲಸ ಉಳಿಸಿಯೇ ಮುಚ್ಚುತ್ತೇನೆ. ಎರಡು ಕಡೆ ನಕಲು ಇಟ್ಟಿದ್ದೇನೆ.

ಹೋದದ್ದು ಒಂದೇ, ಅವಳು ಹಾಡಿದ ಅಮ್ಮನವರ ಆರತಿ. ಅದರೊಳಗಿನ ಕೆಮ್ಮು ಕತ್ತರಿಸುತ್ತಿದ್ದ ನಾನು, ಕೆಲಸ ಉಳಿಸದೆ ಮುಚ್ಚಿ, ಪರದೆ ಏಳದಾಗ ಬಟನ್ ಒತ್ತಿದ್ದೆ. ನನ್ನ ಸಂಕಟ ನೋಡಿ ಸುನಂದಾ ಬರೆದಳು: 'ನೀವು ಹಾಡ್ರಿ.'

ಅಂದಿನಿಂದ ಪ್ರತಿ ಶುಕ್ರವಾರ ಬಸದಿಯಲ್ಲಿ ನಾನೇ ಹಾಡುತ್ತೇನೆ. ಎಲ್ಲಾದರೂ ತಪ್ಪಿದರೆ ಅವಳು ಗಂಟೆ ಬಾರಿಸುವುದನ್ನು ನಿಲ್ಲಿಸಿ ನನ್ನತ್ತ ನೋಡುತ್ತಾಳೆ, ನಾನು ಮೊದಲಿನಿಂದ ಶುರು ಮಾಡುತ್ತೇನೆ. ತಾಯಿ ಕೇಳುತ್ತಾಳೆಂಬುದರಲ್ಲಿ ನನಗಿನ್ನು ಸಂಶಯವಿಲ್ಲ.